ರುಚಿಗೂ ರ‍್ಯಾಂಕು ಬಂತು

ಮನುಷ್ಯನಿಗೆ ಏನು ಬೇಕು ಎಂಬುದು ಮನುಷ್ಯನಿಗೇ ಸರಿಯಾಗಿ ಗೊತ್ತಿಲ್ಲ. ವೇದಾಂತಿಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡು, ಇನ್ನು ಮಾಡುವುದೇನಿದೆ ಎಂದು ಕಣ್ಣು ಮುಚ್ಚಿ ಕೂತರು. ಮನಃಶಾಸ್ತ್ರಜ್ಞರು ಅಷ್ಟಕ್ಕೆಲ್ಲ ಬಿಡುವ ಪೈಕಿಯಲ್ಲ. ಫಾರಂ ಹಿಡಿದು ಹೊರಟರು. "ಬೇಕಾದ್ದು ಏನೆಂದು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ ಸ್ವಾಮಿ. ಈ ಹದಿನೈದು ಪದಾರ್ಥಗಳಿಗೆ ಇಷ್ಟದ ಪ್ರಕಾರ ಒಂದರಿಂದ ಹದಿನೈದರವರೆಗೆ ನಂಬರು ಹಾಕಿಕೊಡಿ, ಮಿಕ್ಕಿದ್ದು ನಮಗೆ ಬಿಡಿ" ಎಂದರು. ಬಿಟ್ಟದ್ದರ ಫಲವಾಗಿ ಇವತ್ತು ಒಂದು ದೊಡ್ಡ ಶಾಸ್ತ್ರವೇ ಬೆಳೆದು ನಿಂತಿದೆ. ಒಬ್ಬೊಬ್ಬನ ಇಷ್ಟಾನಿಷ್ಟದ ಕ್ರಮವನ್ನು ಸೂತ್ರಕ್ಕೆ ಕಟ್ಟುವ ಶಾಸ್ತ್ರ. ಇದರ ಹೆಗ್ಗಳಿಕೆ ಏನೆಂದರೆ, ನಿಮಗೆ ಇಡ್ಲಿ ಇಷ್ಟವೋ ದೋಸೆ ಇಷ್ಟವೋ ಎಂದು ನೀವೇ ಹೇಳಿದ ಮೇಲೆ, ನೀವು ಹೇಳಿದ್ದರಲ್ಲಿ ನಿಜ ಎಷ್ಟು, ದೋಷ ಎಷ್ಟು ಎಂದು ನಿಮಗೇ ತಿಳಿಸಿಕೊಡುತ್ತದೆ.

ಈ ವಂಶದ ಮೂಲಪುರುಷ ಗುಸ್ತಾವ್ ಫೆಕ್ನರ್ ಎಂಬ ಜರ್ಮನ್ ಮಹಾಶಯ. 1871ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಹೋಲ್ಬೈನ್ ಎಂಬ ಚಿತ್ರಕಾರನ ಕೃತಿಗಳ ಪ್ರದರ್ಶನ ನಡೆಯಿತು. ಮೇರಿ ಮಾತೆಯ ಒಂದೇ ಚಿತ್ರದ ಎರಡು ಪ್ರತಿಗಳು ಅಲ್ಲಿ ಒಟ್ಟಿಗೆ ಪ್ರದರ್ಶನಕ್ಕಿದ್ದವು. ಒಂದು ಡಾರ್ಮ್‌ಸ್ಟಾಟ್‌ನದು, ಇನ್ನೊಂದು ಡ್ರೆಸ್ಡೆನ್‌ನದೇ. ಯಾವುದು ಅಸಲಿ ಎಂದು ಪಂಡಿತರು ಜಗಳಕ್ಕೆ ಬಿದ್ದಿದ್ದರು. ಫೆಕ್ನರ್ ಅಸಲಿ ನಕಲಿಯ ಪ್ರಶ್ನೆಗಷ್ಟೇ ನಿಲ್ಲಲಿಲ್ಲ. ಯಾವುದು ಹೆಚ್ಚು ಸುಂದರ ಎಂದು ಜನರೇ ಹೇಳಲಿ ಎಂದು ಚಿತ್ರಗಳ ಪಕ್ಕ ಒಂದು ಪುಸ್ತಕ ಇರಿಸಿ, ಹೇಗೆ ಬರೆಯಬೇಕೆಂಬ ಸೂಚನೆಯನ್ನೂ ಕೊಟ್ಟ. 11 ಸಾವಿರಕ್ಕೂ ಹೆಚ್ಚು ಜನ ಬಂದು ನೋಡಿ ಹೋದರು. ಪುಸ್ತಕದಲ್ಲಿ ಬರೆದವರು 113 ಮಂದಿ. ಅದರಲ್ಲೂ ಬಹುಪಾಲು ಉತ್ತರಗಳನ್ನು ಎತ್ತಿ ಪಕ್ಕಕ್ಕಿಡಬೇಕಾಯಿತು. ಕೆಲವರು ಸೂಚನೆ ಓದಿರಲಿಲ್ಲ, ಕೆಲವರು ಕಲಾವಿಮರ್ಶಕರಾಗಿದ್ದರು. ವಿಮರ್ಶಕರ ಅಭಿಪ್ರಾಯವನ್ನು ಜನರ ಅಭಿಪ್ರಾಯದಿಂದ ಹೊರಗಿಡಬೇಕು ಎಂಬ ವಿವೇಕ ಶಾಸ್ತ್ರದ ಮೊದಲ ದಿನವೇ ಇತ್ತು, ಸಂತೋಷ. ಕೊನೆಗೆ ಡಾರ್ಮ್‌ಸ್ಟಾಟ್‌ನ ಚಿತ್ರ ಅಸಲಿ, ಡ್ರೆಸ್ಡೆನ್‌ನವರು ತಲೆತಲಾಂತರದಿಂದ ಕೈಮುಗಿದದ್ದು ಹದಿನೇಳನೇ ಶತಮಾನದ ನಕಲಿಗೆ ಎಂದು ಪಂಡಿತರು ತೀರ್ಪಿತ್ತರು. ನಕಲಿಯೇ ಹೆಚ್ಚು ಚೆನ್ನಾಗಿದೆ ಎಂದು ವಾದಿಸಿದ ಕಲಾವಿದರು ಆಗಲೂ ಇದ್ದರು. ಅವರನ್ನು ಯಾವ ಕೋಷ್ಟಕದಲ್ಲಿ ಸೇರಿಸುವುದೆಂದು ಇನ್ನೂ ತೀರ್ಮಾನವಾಗಿಲ್ಲ.

ಜನ ತಾವಾಗಿ ಬರೆಯುವುದಿಲ್ಲ ಎಂದಾದ ಮೇಲೆ ಹಿಡಿದು ಕೂರಿಸಿ ಬರೆಸುವವರು ಬೇಕಲ್ಲ? ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಎಂಬ ಅನುಕೂಲ ಇದೆ. ಷಿಕಾಗೋ ವಿಶ್ವವಿದ್ಯಾಲಯದ ಎಲ್. ಎಲ್. ಥರ್ಸ್ಟನ್ 1927ರಲ್ಲಿ ತುಲನಾತ್ಮಕ ನಿರ್ಣಯದ ನಿಯಮ ಎಂಬುದನ್ನು ಪ್ರಕಟಿಸಿದರು. ಹತ್ತು ವಸ್ತುಗಳನ್ನು ಒಟ್ಟಿಗೆ ಹರಡಿ ಕ್ರಮ ಹಚ್ಚು ಎಂದರೆ ಮನುಷ್ಯ ಕಂಗಾಲಾಗುತ್ತಾನೆ. ಎರಡೆರಡಾಗಿ ತೋರಿಸಿ ಇದೋ ಅದೋ ಎಂದು ಕೇಳಿದರೆ ಹೇಳುತ್ತಾನೆ. ಸರಳ ಉಪಾಯ. ಮರುವರ್ಷ ಥರ್ಸ್ಟನ್ ಈ ಉಪಾಯವನ್ನು ರಾಷ್ಟ್ರೀಯತೆಗಳ ಮೇಲೆ ಪ್ರಯೋಗಿಸಿದರು. ಇಪ್ಪತ್ತೊಂದು ಜನಾಂಗ, ಅಂದರೆ 210 ಜೋಡಿ. ಪ್ರತಿ ಜೋಡಿಯಲ್ಲೂ ನೀನು ಯಾರ ಒಡನಾಟ ಬಯಸುತ್ತೀ ಎಂಬ ಪ್ರಶ್ನೆ. ವಿದ್ಯಾರ್ಥಿಗಳು ಶ್ರದ್ಧೆಯಿಂದ ಗುರುತು ಹಾಕಿದರು. ಲೆಕ್ಕ ಕಟ್ಟಿ ನೋಡಿದರೆ, ಏನಾಶ್ಚರ್ಯ, ಅಮೆರಿಕದ ಹುಡುಗರಿಗೆ ಅಮೆರಿಕನ್ನರೇ ಪ್ರಥಮ! ಇಂಗ್ಲಿಷರು ದ್ವಿತೀಯ. ತಳದ ಹತ್ತಿರ ತುರ್ಕರು ಮತ್ತು ಕಪ್ಪು ಜನರ ನೆರೆಮನೆಯಲ್ಲಿ 'ಹಿಂದೂ' ಎಂಬ ರಾಷ್ಟ್ರೀಯತೆ. ಆ ಕಾಲದ ಅಮೆರಿಕದಲ್ಲಿ ಭಾರತದಿಂದ ಹೋದವರಿಗೆಲ್ಲ ಅದೇ ಹೆಸರು. ಷಿಕಾಗೋದ ಆ ಹುಡುಗರಲ್ಲಿ ಎಷ್ಟು ಮಂದಿ ಒಬ್ಬ ಹಿಂದೂವನ್ನು ಕಣ್ಣಾರೆ ಕಂಡಿದ್ದರೋ, ಕೇಳುವ ಹಾಗಿಲ್ಲ. ಕಾಣದಿದ್ದವರ ಬಗ್ಗೆಯೇ ಅಭಿಪ್ರಾಯ ಹೆಚ್ಚು ಗಟ್ಟಿಯಾಗಿರುತ್ತದೆ ಎಂಬುದು ನಮಗೂ ಅನುಭವವಿರುವ ಸಂಗತಿ. ಶಾಸ್ತ್ರ ಮಾಡಿದ್ದು ಇಷ್ಟೇ: ಪೂರ್ವಗ್ರಹಕ್ಕೆ ಎರಡು ದಶಮಾಂಶ ಸ್ಥಾನ ಒದಗಿಸಿತು. ಅದುವರೆಗೆ 'ಅವರೆಂದರೆ ನನಗಾಗದು' ಎನ್ನುತ್ತಿದ್ದವರು ಇನ್ನು ಮೇಲೆ 'ಅವರು ನನಗೆ ಮೈನಸ್ ಐದು ಪಾಯಿಂಟ್ ಇಷ್ಟಿಷ್ಟು ಆಗದು' ಎನ್ನಬಹುದಾಯಿತು.

ಆದರೆ ಥರ್ಸ್ಟನ್‌ರನ್ನು ಹೀಗೆ ಹೊಡೆದು ಹಾಕುವುದು ನ್ಯಾಯವಲ್ಲ. ತಾವು ಅಳೆಯುತ್ತಿರುವುದು ಜನಾಂಗಗಳನ್ನಲ್ಲ, ತಮ್ಮ ಮುಂದೆ ಕೂತ ಹುಡುಗರನ್ನು ಎಂಬ ಅರಿವು ಅವರಿಗಿತ್ತು. ಅದಕ್ಕಿಂತ ದೊಡ್ಡ ಮಾತೊಂದನ್ನೂ ಅವರು ಒಪ್ಪಿಕೊಂಡಿದ್ದರು. ಒಬ್ಬನೇ ಮನುಷ್ಯ, ಒಂದೇ ಜೋಡಿಗೆ, ಇವತ್ತೊಂದು ಉತ್ತರ ನಾಳೆಯೊಂದು ಉತ್ತರ ಕೊಡಬಲ್ಲ. ಇಷ್ಟವೆಂಬುದು ಮನಸ್ಸಿನಲ್ಲಿ ಒಂದು ಬಿಂದುವಲ್ಲ, ಅತ್ತಿತ್ತ ತೂಗಾಡುವ ಒಂದು ಹರವು. ಈ ತೂಗಾಟ ಇರುವುದರಿಂದಲೇ ಅವರ ಅಳತೆ ಸಾಧ್ಯ. ಎಲ್ಲರೂ ಎಲ್ಲ ಕಾಲಕ್ಕೂ ಒಂದನ್ನೇ ಮೇಲೆಂದು ಬಿಟ್ಟರೆ ಅವರ ಸೂತ್ರದಲ್ಲಿ ಎರಡರ ನಡುವಿನ ಅಂತರ ಅನಂತವಾಗಿ ಲೆಕ್ಕ ಕೈಕೊಡುತ್ತದೆ. ಅಂದರೆ ಅವರು ಗೊಂದಲವನ್ನೇ ಗಜಕಡ್ಡಿ ಮಾಡಿಕೊಂಡಿದ್ದರು. ಈ ಒಂದು ವಿನಯವನ್ನು ಕಳಚಿ ಎಸೆದು, ಉಳಿದ ಯಂತ್ರವನ್ನು ಮಾತ್ರ ಮಾರುಕಟ್ಟೆಗೆ ತಂದದ್ದೇ ಮುಂದಿನವರ ಸಾಧನೆ.

ಗೊಂದಲ ಎಷ್ಟಿರುತ್ತದೆ ಎಂಬುದಕ್ಕೆ ಒಂದು ಮದುವೆ ಪ್ರಸಂಗ. 1954ರಲ್ಲಿ ಕೆನೆತ್ ಮೇ ಎಂಬ ಗಣಿತಜ್ಞರು 62 ಕಾಲೇಜು ವಿದ್ಯಾರ್ಥಿಗಳ ಮುಂದೆ ಮೂರು ಕಾಲ್ಪನಿಕ ಸಂಬಂಧಗಳನ್ನಿಟ್ಟರು. ಒಬ್ಬರಿಗೆ ಬುದ್ಧಿ ಬಹಳ, ರೂಪ ಸಾಧಾರಣ, ಹಣ ತಕ್ಕಮಟ್ಟಿಗೆ. ಇನ್ನೊಬ್ಬರಿಗೆ ರೂಪ ಬಹಳ, ಬುದ್ಧಿ ಪರವಾಗಿಲ್ಲ, ಕೈ ಖಾಲಿ. ಮೂರನೆಯವರು ಶ್ರೀಮಂತರು, ರೂಪ ಚೆನ್ನಾಗಿದೆ, ಬುದ್ಧಿ ಸುಮಾರು. ಜೋಡಿ ಜೋಡಿಯಾಗಿ ಕೇಳಿದಾಗ 17 ಮಂದಿ ಮೊದಲನೆಯವರು ಎರಡನೆಯವರಿಗಿಂತ ಮೇಲು, ಎರಡನೆಯವರು ಮೂರನೆಯವರಿಗಿಂತ ಮೇಲು, ಮೂರನೆಯವರು ಮೊದಲನೆಯವರಿಗಿಂತ ಮೇಲು ಎಂದು ಉತ್ತರಿಸಿದರು. ಚಕ್ರ ಸುತ್ತಿ ಹೊರಟಲ್ಲಿಗೇ ಬಂತು. ಇಂಥ ಚಕ್ರಗಳನ್ನು ಎಣಿಸಿ ಮನುಷ್ಯನ ಸುಸಂಗತಿಗೆ ಅಂಕ ಕೊಡುವ ವಿಧಾನವನ್ನು ಮಾರಿಸ್ ಕೆಂಡಾಲ್ ಮತ್ತು ಬ್ಯಾಬಿಂಗ್ಟನ್ ಸ್ಮಿತ್ 1940ರಲ್ಲೇ ಸಿದ್ಧಮಾಡಿ ಇಟ್ಟಿದ್ದರು. ಆ ಲೆಕ್ಕದಲ್ಲಿ ಈ ಹದಿನೇಳು ಮಂದಿ ನಪಾಸು. ನಮ್ಮ ಕಡೆ ಮಗಳಿಗೆ ಗಂಡು ನೋಡುತ್ತಿರುವ ಯಾವ ಮನೆಯನ್ನಾದರೂ ಹೊಕ್ಕು ನೋಡಿ. ಇಂಜಿನಿಯರಿಗಿಂತ ಡಾಕ್ಟರು ಮೇಲು, ಡಾಕ್ಟರಿಗಿಂತ ತೋಟ ಇರುವವನು ಮೇಲು, ತೋಟ ಇರುವವನಿಗಿಂತ ಅಮೆರಿಕದಲ್ಲಿರುವ ಇಂಜಿನಿಯರು ಮೇಲು, ಅವನಿಗಿಂತ ಹತ್ತಿರದಲ್ಲೇ ಇರುವ ಡಾಕ್ಟರು ಮೇಲು. ಈ ಚಕ್ರ ನಿಲ್ಲುವುದು ಸೂತ್ರದಿಂದಲ್ಲ, ಹುಡುಗಿಗೆ ಮೂವತ್ತು ತುಂಬುವುದರಿಂದ.

ಇಷ್ಟಾದರೂ ಪಟ್ಟಿ ಬೇಕೇ ಬೇಕು. 1957ರಲ್ಲಿ ಮ್ಯಾಲೋಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಸಮಸ್ಯೆಯನ್ನು ಅತ್ಯಂತ ಗೃಹಸ್ಥ ರೀತಿಯಲ್ಲಿ ಬಗೆಹರಿಸಿದರು. ಎಲ್ಲರ ನಡುವೆ ಒಂದು ಕೇಂದ್ರ ಪಟ್ಟಿ ಇದೆ ಎಂದು ಇಟ್ಟುಕೊಳ್ಳೋಣ. ನಿಮ್ಮ ಪಟ್ಟಿ ಅದರಿಂದ ಎಷ್ಟು ದೂರ ಸರಿದಿದೆಯೋ ಅಷ್ಟು ನೀವು ಅಪರೂಪ. ದೂರ ಹೆಚ್ಚಿದಂತೆ ನಿಮ್ಮಂಥವರು ಇರುವ ಸಂಭವವೂ ಇಳಿಯುತ್ತ ಹೋಗುತ್ತದೆ. ಮನೆಯಲ್ಲಿ ಅಡುಗೆ ಹೇಗಿರಬೇಕೆಂದು ಒಂದು ಪದ್ಧತಿ ಇದೆ, ಸೊಸೆ ಮಾಡುವುದೆಲ್ಲ ಅದರಿಂದ ಇಷ್ಟಿಷ್ಟು ದೂರ. ಅತ್ತೆಯಂದಿರಿಗೆ ಈ ಮಾದರಿ ಗೊತ್ತಿತ್ತು, ಪ್ರಕಟಿಸಿರಲಿಲ್ಲ ಅಷ್ಟೆ. ಜಪಾನಿನ ತೋಶಿಹಿರೊ ಕಮಿಶಿಮಾ 5000 ಜನರಿಂದ ಹತ್ತು ಬಗೆಯ ಸುಶಿಗೆ ಕ್ರಮ ಹಾಕಿಸಿ ಸಂಗ್ರಹಿಸಿದ ದತ್ತಾಂಶ ಜಗತ್ತಿನ ಸಂಶೋಧಕರಿಗೆಲ್ಲ ಉಪಯೋಗವಾಗುತ್ತಿದೆ. ಹತ್ತು ಪದಾರ್ಥಗಳನ್ನು ಜೋಡಿಸಲು 36,28,800 ದಾರಿಗಳಿವೆ. ಇಷ್ಟೊಂದು ದಾರಿಗಳಿರುವಾಗ 5000 ಜನ ಚೆಲ್ಲಾಪಿಲ್ಲಿಯಾಗುವುದು ಸಹಜ. ಕೊಬ್ಬಿದ ಟ್ಯೂನಾ ಮೀನಿನದು ಮೇಲೆ, ಸೌತೆಕಾಯಿಯದು ಕೆಳಗೆ ಎಂಬ ಒಟ್ಟು ತೀರ್ಮಾನ ಬರುತ್ತದೆ. ಮೇಲಿನಿಂದ ಕೆಳಗಿನವರೆಗೆ ಆ ಕೇಂದ್ರ ಪಟ್ಟಿಯನ್ನೇ ಚಾಚೂ ತಪ್ಪದೆ ಬರೆದುಕೊಟ್ಟವನು ಒಬ್ಬನಾದರೂ ಇರಬೇಕೆಂಬ ನಿಯಮ ಮಾತ್ರ ಯಾವ ಸೂತ್ರದಲ್ಲೂ ಇಲ್ಲ. ಸೌತೆಕಾಯಿ ಸುಶಿಯೇ ಪ್ರಾಣ ಎನ್ನುವ ಬಡಪಾಯಿ ಶಾಸ್ತ್ರದ ಕಣ್ಣಿಗೆ ರುಚಿಯುಳ್ಳ ಮನುಷ್ಯನಲ್ಲ, ಗೆರೆಯಿಂದ ಸಿಡಿದ ಒಂದು ಚುಕ್ಕಿ.

ಸಿಡಿದ ಚುಕ್ಕಿಗಳು ಹೆಚ್ಚಾದಾಗ ಶಾಸ್ತ್ರ ಎರಡು ಕೇಂದ್ರ ಕಟ್ಟುತ್ತದೆ, ಸಾಲದಿದ್ದರೆ ಮೂರು. ಇದಕ್ಕೆ ಸುಪ್ತ ವರ್ಗಗಳ ಮಾದರಿ ಎಂದು ಹೆಸರು. ನೀವು ಯಾವ ಗುಂಪಿಗೆ ಸೇರಿದವರೆಂದು ನಿಮಗೆ ಗೊತ್ತಿರುವುದಿಲ್ಲ, ಕಂಪ್ಯೂಟರಿಗೆ ಗೊತ್ತಿರುತ್ತದೆ. ಗುಂಪುಗಾರಿಕೆಯಲ್ಲಿ ನಮಗೆ ಯಾರೂ ಪಾಠ ಹೇಳಬೇಕಿಲ್ಲ ನಿಜ, ಆದರೆ ಇದು ಅಳತೆ ಮಾಡಿದ ಗುಂಪುಗಾರಿಕೆ. ಮಾರ್ಸೆಲ್ ಕ್ರೂನ್ 1989ರಲ್ಲಿ ಇದನ್ನು 2262 ಜರ್ಮನ್ ನಾಗರಿಕರ ಉತ್ತರಗಳ ಮೇಲೆ ಪ್ರಯೋಗಿಸಿದರು. ಪ್ರಶ್ನೆ ರೊನಾಲ್ಡ್ ಇಂಗ್ಲ್‌ಹಾರ್ಟ್ ಅವರದು: ದೇಶದಲ್ಲಿ ಶಿಸ್ತು, ಸರ್ಕಾರದ ತೀರ್ಮಾನಗಳಲ್ಲಿ ಜನರ ಮಾತು, ಬೆಲೆ ಏರಿಕೆಗೆ ತಡೆ, ವಾಕ್ ಸ್ವಾತಂತ್ರ್ಯ, ಈ ನಾಲ್ಕರಲ್ಲಿ ನಿಮಗೆ ಯಾವುದು ಮೊದಲು, ಯಾವುದು ಆಮೇಲೆ? ಶಿಸ್ತು ಮತ್ತು ಬೆಲೆ ಮೊದಲು ಎಂದವರು ಭೌತವಾದಿಗಳು, ಮಿಕ್ಕೆರಡು ಮೊದಲು ಎಂದವರು ಅದನ್ನು ದಾಟಿದವರು. ಗ್ಯಾಸ್ ಸಿಲಿಂಡರಿನ ದುಡ್ಡಿಗೆ ಒದ್ದಾಡುವ ಗೃಹಿಣಿ ಹೀಗೆ ಒಂದೇ ಗುರುತಿನಲ್ಲಿ ಭೌತವಾದಿಯಾಗಿ, ಅಡುಗೆಮನೆಗೆ ಕಾಲಿಡದ ಅವಳ ಯಜಮಾನರು ಉನ್ನತ ಮೌಲ್ಯದ ವರ್ಗಕ್ಕೆ ಬಡ್ತಿ ಪಡೆಯುತ್ತಾರೆ.

ಈಗ ಎಲ್ಲಕ್ಕಿಂತ ರುಚಿಕಟ್ಟಾದ ಅಧ್ಯಾಯಕ್ಕೆ ಬರೋಣ. 1972ರಲ್ಲಿ ಪಾಲ್ ಗ್ರೀನ್ ಮತ್ತು ವಿಠಲ ರಾವ್ ಒಂದು ಪುಸ್ತಕ ಹೊರತಂದರು. ಅದರಲ್ಲಿ ಬೆಳಗಿನ ತಿಂಡಿಯ ದತ್ತಾಂಶ ಇದೆ. ಅಮೆರಿಕದ ವಾರ್ಟನ್ ಸ್ಕೂಲಿನಲ್ಲಿ ಎಂಬಿಎ ಓದುತ್ತಿದ್ದ 21 ಗಂಡಸರು ಮತ್ತು ಅವರ 21 ಹೆಂಡತಿಯರು, ಒಟ್ಟು 42 ಮಂದಿ, 15 ತಿಂಡಿಗಳಿಗೆ ಕ್ರಮಾಂಕ ಹಾಕಿದ್ದಾರೆ. ತಿಂಡಿಗಳೆಂದರೆ ಬೆಣ್ಣೆ ಸವರಿದ ಟೋಸ್ಟು, ಮಾರ್ಗರೀನ್ ಸವರಿದ ಟೋಸ್ಟು, ಮಾರ್ಮಲೇಡ್ ಜೊತೆ ಟೋಸ್ಟು, ಬೆಣ್ಣೆ ಮತ್ತು ಜೆಲ್ಲಿ ಸವರಿದ ಟೋಸ್ಟು, ದಾಲ್ಚಿನ್ನಿ ಟೋಸ್ಟು, ಹೀಗೆ ಟೋಸ್ಟಿನ ಸಹಸ್ರನಾಮ ಮುಗಿದ ಮೇಲೆ ಡೋನಟ್, ಮಫಿನ್, ಬನ್, ಪೇಸ್ಟ್ರಿ. ವಿಠಲ ರಾವ್ ಎಂಬ ಹೆಸರು ನೋಡಿ ಎಲ್ಲೋ ಮೂಲೆಯಲ್ಲಿ ಒಂದು ಇಡ್ಲಿಯಾದರೂ ಇದ್ದೀತು ಎಂದು ಹುಡುಕಿದವರಿಗೆ ನಿರಾಶೆ ಕಾದಿದೆ. ಹದಿನೈದು ತಿಂಡಿಗಳನ್ನು ಜೋಡಿಸುವ ದಾರಿಗಳು ಸುಮಾರು 1 ಲಕ್ಷ 30 ಸಾವಿರ ಕೋಟಿ. ಅಷ್ಟರಲ್ಲಿ ಒಂದನ್ನು ಆರಿಸಿ ಬರೆದುಕೊಡಬೇಕು. ಅದೂ ಒಂದು ಸಲವಲ್ಲ. ಒಟ್ಟಾರೆ ಇಷ್ಟ ಯಾವುದು ಎಂದು ಒಮ್ಮೆ, ಹಣ್ಣಿನ ರಸ ಮೊಟ್ಟೆ ಬೇಕನ್ ಜೊತೆಗಾದರೆ ಯಾವುದು ಎಂದು ಇನ್ನೊಮ್ಮೆ, ಹೀಗೆ ಆರು ಸಂದರ್ಭಗಳಿಗೆ ಆರು ಸಲ. ಟೋಸ್ಟಿಗೂ ಟೋಸ್ಟಿಗೂ ನಡುವೆ ಹನ್ನೊಂದನೇ ಸ್ಥಾನ ಯಾವುದಕ್ಕೆ, ಹನ್ನೆರಡನೆಯದು ಯಾವುದಕ್ಕೆ ಎಂದು ಆ ದಂಪತಿಗಳು ತಲೆ ಕೆರೆದುಕೊಳ್ಳುವಷ್ಟರಲ್ಲಿ ನಿಜವಾದ ತಿಂಡಿ ತಣ್ಣಗಾಗಿರಬೇಕು.

ಈ ಕ್ರಮಾಂಕಗಳನ್ನು ಮುಂದೆ ಏನು ಮಾಡುತ್ತಾರೆ? ಕ್ಲೈಡ್ ಕೂಂಬ್ಸ್ ಎಂಬುವರು 1950ರಲ್ಲಿ ಮಂಡಿಸಿದ ಮಡಿಕೆ ಬಿಡಿಸುವ ವಿಧಾನ ಇದೆ. ಎಲ್ಲ ತಿಂಡಿಗಳನ್ನೂ ಗುರುತು ಮಾಡಿದ ಒಂದು ಕರವಸ್ತ್ರ ಇದೆ ಎನ್ನಿ. ನೀವು ನಿಂತ ಜಾಗದಲ್ಲಿ ಅದನ್ನು ಚಿವುಟಿ ಮೇಲಕ್ಕೆತ್ತಿದರೆ ಹತ್ತಿರದ ತಿಂಡಿಗಳು ಮೇಲೆ, ದೂರದವು ಕೆಳಗೆ ಜೋತುಬೀಳುತ್ತವೆ. ಅದೇ ನಿಮ್ಮ ಪಟ್ಟಿ. ಶಾಸ್ತ್ರಜ್ಞನ ಕೈಗೆ ಸಿಕ್ಕಿರುವುದು 42 ಜನ ಚಿವುಟಿ ಮಡಚಿದ ಮುದ್ದೆಗಳು. ಅವನ್ನು ಬಿಡಿಸಿ ಮೂಲ ಕರವಸ್ತ್ರ ಹೇಗಿತ್ತೆಂದು ಕಂಡುಹಿಡಿಯಬೇಕು. ನಿಜಕ್ಕೂ ಸೊಗಸಾದ ಕಲ್ಪನೆ. ಒಬ್ಬೊಬ್ಬರಿಗೂ ಅವರದೇ ಜಾಗ ಇದೆ, ಯಾರನ್ನೂ ಸರಾಸರಿಗೆ ಕುಟ್ಟಿ ಪುಡಿ ಮಾಡಿಲ್ಲ. ತೊಂದರೆ ಬಂದದ್ದು ಕಂಪ್ಯೂಟರಿಗೆ ಈ ಕೆಲಸ ಒಪ್ಪಿಸಿದಾಗ. ಕನಿಷ್ಠ ದೋಷವಿರುವ ನಕ್ಷೆ ಕೊಡು ಎಂದು ಅದಕ್ಕೆ ಆಜ್ಞೆ. ಅದು ಬಹಳ ಬೇಗ ಸರ್ಕಾರಿ ಜಾಣತನ ಕಲಿತುಬಿಟ್ಟಿತು. ಜನರನ್ನೆಲ್ಲ ನಡುವೆ ಗುಂಪಾಗಿ ನಿಲ್ಲಿಸಿ, ತಿಂಡಿಗಳನ್ನೆಲ್ಲ ಸುತ್ತಲೂ ಸಮದೂರದಲ್ಲಿ ಬಳೆಯಂತೆ ಇಟ್ಟುಬಿಟ್ಟಿತು. ಎಲ್ಲರಿಗೂ ಎಲ್ಲವೂ ಸಮದೂರ, ಯಾರ ಪಟ್ಟಿಗೂ ವಿರೋಧವಿಲ್ಲ, ದೋಷ ಸೊನ್ನೆ! ಹುರುಳೂ ಸೊನ್ನೆ. ಯಾರಿಗೂ ಬೇಸರವಾಗದಂತೆ ಬರೆದ ಆಯೋಗದ ವರದಿಗಳು ಹೀಗೆಯೇ ಇರುತ್ತವೆ. ಶಾಸ್ತ್ರಜ್ಞರು ಇದಕ್ಕೆ ಅವನತ ಪರಿಹಾರ ಎಂದು ಹೆಸರಿಟ್ಟು, ದಶಕಗಟ್ಟಲೆ ತಲೆ ಚಚ್ಚಿಕೊಂಡ ಮೇಲೆ 2005ರಲ್ಲಿ ಬುಸಿಂಗ್, ಗ್ರೂನೆನ್ ಮತ್ತು ಹೈಸರ್ ಇಂಥ ಕಳ್ಳಾಟಕ್ಕೆ ದಂಡ ಹಾಕುವ ಉಪಾಯ ಮಂಡಿಸಿದರು. ಮೈಗಳ್ಳ ಸೂತ್ರಕ್ಕೆ ಜುಲ್ಮಾನೆ. ಆಯೋಗಗಳಿಗೂ ಇದನ್ನು ಅನ್ವಯಿಸುವ ಬಗ್ಗೆ ಯಾರಾದರೂ ಯೋಚಿಸಬೇಕು.

ಇಷ್ಟೆಲ್ಲ ಆಗಿ ನಕ್ಷೆ ಹೇಳುವುದೇನು? ಟೋಸ್ಟುಗಳು ಒಂದು ಕಡೆ, ಸಿಹಿ ತಿಂಡಿಗಳು ಇನ್ನೊಂದು ಕಡೆ. ಕೆಲವರಿಗೆ ಸಿಹಿ ಇಷ್ಟ, ಕೆಲವರಿಗೆ ಅಷ್ಟಾಗಿ ಇಲ್ಲ. ಈ ಮಹತ್ವದ ಶೋಧನೆಯನ್ನು ಯಾವ ದರ್ಶಿನಿಯ ಕ್ಯಾಶಿಯರೂ ಖಾರಾಬಾತ್ ಮತ್ತು ಕೇಸರಿಬಾತಿನ ಟೋಕನ್ ಹರಿಯುತ್ತಲೇ ಹೇಳಬಲ್ಲ. ಆದರೆ ಅವನಿಗೆ ಗೊತ್ತಿರುವ ಇನ್ನೊಂದು ವಿಷಯ ವಾರ್ಟನ್‌ನವರ ಹಾಳೆಯಲ್ಲಿಲ್ಲ: ಎರಡೂ ಬೇಕೆನ್ನುವವನಿಗೆ ಒಂದೇ ತಟ್ಟೆಯಲ್ಲಿ ಚೌಚೌಬಾತ್ ಕೊಡಬೇಕು. ಕ್ರಮಾಂಕ ಕೇಳುವವರು ಈ ಸಾಧ್ಯತೆಯನ್ನು ಮೊದಲೇ ಮುಚ್ಚಿರುತ್ತಾರೆ. ಆ 42 ಮಂದಿಗೆ ಈಗ ಎಪ್ಪತ್ತು ಎಂಬತ್ತು ದಾಟಿರಬೇಕು. ಸಕ್ಕರೆ ಕಾಯಿಲೆ ಬಂದು ಡಾಕ್ಟರು ಡೋನಟ್ ಬಿಡಿಸಿರಬಹುದು, ಕೆಲವು ದಂಪತಿಗಳು ಬೇರೆಯಾಗಿರಬಹುದು. ಆದರೆ ಆರ್ ಎಂಬ ಸಾಫ್ಟ್‌ವೇರಿನಲ್ಲಿ ಅವರ ತಿಂಡಿ ಇನ್ನೂ ಬಿಸಿ. ಐವತ್ತು ವರ್ಷಗಳಿಂದ ಪ್ರತಿ ಹೊಸ ವಿಧಾನವೂ ಅದೇ 42 ಜನರ ಅದೇ ಬೆಳಗನ್ನು ಮತ್ತೆ ಬಿಡಿಸಿ ನೋಡುತ್ತದೆ. ಮನುಷ್ಯನ ಇಷ್ಟ ಶಾಶ್ವತವಲ್ಲದಿದ್ದರೂ ಅವನು ತುಂಬಿಕೊಟ್ಟ ಫಾರಂ ಶಾಶ್ವತ.

ಬೆಂಗಳೂರಿನ ಸಂಚಾರ ಸಮಸ್ಯೆಗೆ ಪರಿಹಾರವೂ ಈ ಶಾಸ್ತ್ರದಲ್ಲಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮನಃಶಾಸ್ತ್ರಜ್ಞ ಡಂಕನ್ ಲೂಸ್ 1959ರಲ್ಲಿ ಒಂದು ಸೂತ್ರ ಕೊಟ್ಟರು. ಎರಡು ವಸ್ತುಗಳ ನಡುವೆ ನಿಮ್ಮ ಒಲವಿನ ಅನುಪಾತ ಎಷ್ಟೋ, ಮೂರನೆಯದೊಂದು ಬಂದರೂ ಅಷ್ಟೇ ಇರಬೇಕು. ಕೇಳಲು ನ್ಯಾಯವಾಗಿದೆ. ಮರುವರ್ಷವೇ ಅರ್ಥಶಾಸ್ತ್ರಜ್ಞ ಡೆಬ್ರು ಬೀಥೋವನ್ ಸಂಗೀತದ ಧ್ವನಿಮುದ್ರಿಕೆಗಳ ಉದಾಹರಣೆ ಕೊಟ್ಟು ಇದರ ಬುಡ ಅಲ್ಲಾಡಿಸಿದರು. ಮುಂದೆ ಆ ಉದಾಹರಣೆ ಬಸ್ ಹತ್ತಿತು. ಊರಿನಲ್ಲಿ ಅರ್ಧ ಜನ ಕಾರಿನಲ್ಲಿ, ಅರ್ಧ ಜನ ಕೆಂಪು ಬಸ್ಸಿನಲ್ಲಿ ಹೋಗುತ್ತಾರೆ ಎನ್ನಿ. ಅರ್ಧ ಬಸ್ಸುಗಳಿಗೆ ನೀಲಿ ಬಣ್ಣ ಬಳಿದರೆ ಏನಾಗಬೇಕು? ಏನೂ ಆಗಬಾರದು. ಆದರೆ ಸೂತ್ರದ ಪ್ರಕಾರ ಈಗ ಆಯ್ಕೆಗಳು ಮೂರು, ಮೂರಕ್ಕೂ ಸಮಪಾಲು, ಕಾರಿನವರು ನೂರಕ್ಕೆ ಐವತ್ತರಿಂದ ಮೂವತ್ಮೂರಕ್ಕೆ ಇಳಿಯುತ್ತಾರೆ. ಹತ್ತು ಬಣ್ಣ ಬಳಿದರೆ ನೂರಕ್ಕೆ ಒಂಬತ್ತೇ ಕಾರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮಕ್ಕಳು ಕ್ರಿಕೆಟ್ ಆಡಬಹುದು. ಸುರಂಗ ಬೇಡ, ಮೇಲ್ಸೇತುವೆ ಬೇಡ, ಬಣ್ಣದ ಡಬ್ಬ ಸಾಕು. ಈ ಬಗೆಯ ಲೆಕ್ಕವನ್ನು ಪ್ರಯಾಣಿಕರ ಆಯ್ಕೆಗೆ ಅನ್ವಯಿಸಿ 2000ದಲ್ಲಿ ನೊಬೆಲ್ ಪಡೆದ ಡೇನಿಯಲ್ ಮೆಕ್‌ಫ್ಯಾಡನ್ ಇದರ ಪೊಳ್ಳುತನವನ್ನೂ ಚೆನ್ನಾಗಿ ಅರಿತಿದ್ದರು. ಅವರ ಸೂತ್ರವನ್ನು ಎರವಲು ಪಡೆದು ವರದಿ ಬರೆಯುವವರೆಲ್ಲ ಅರಿತಿದ್ದಾರೆಂದು ಹೇಳಲಾಗದು.

ಪರರ ಇಷ್ಟಾನಿಷ್ಟ ಅಳೆಯುವವರ ಸ್ವಂತ ಕಥೆ ಏನು? 1980ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಚುನಾವಣೆ ನಡೆಯಿತು. ಐವರು ಅಭ್ಯರ್ಥಿಗಳು, ಮತದಾರರು ಒಂದರಿಂದ ಐದರವರೆಗೆ ಕ್ರಮ ಹಾಕಬೇಕು. ಬಂದ ಮತಪತ್ರಗಳು 15,449. ಐವರಿಗೂ ಕ್ರಮ ಹಾಕಿದವು 5738. ಒಬ್ಬರ ಹೆಸರಿಗೆ ಒಂದು ಎಂದು ಬರೆದು ಕೈ ತೊಳೆದುಕೊಂಡವು 5141. ವಿದ್ಯಾರ್ಥಿಗಳಿಂದ 210 ಜೋಡಿಗೆ ಗುರುತು ಹಾಕಿಸುವ ವೃತ್ತಿಯವರು ಇವರು! ಪರ್ಸಿ ಡಯಾಕೋನಿಸ್ ಎಂಬ ಮೇಧಾವಿ ಪೂರ್ತಿ ತುಂಬಿದ ಪತ್ರಗಳನ್ನು ಎತ್ತಿಕೊಂಡು, ಅಮೂರ್ತ ಬೀಜಗಣಿತದ ಬ್ರಹ್ಮಾಸ್ತ್ರ ಪ್ರಯೋಗಿಸಿ 1989ರಲ್ಲಿ ವಿಶ್ಲೇಷಿಸಿದರು. ಹೊರಬಂದ ಗುಟ್ಟು: ಸಂಶೋಧನೆ ಮಾಡುವವರು ಸಂಶೋಧಕರಿಗೆ, ಚಿಕಿತ್ಸೆ ಕೊಡುವವರು ಚಿಕಿತ್ಸಕರಿಗೆ ಮತ ಹಾಕಿದ್ದಾರೆ, ಎರಡು ಬಣಗಳಿಗೆ ಒಬ್ಬರನ್ನೊಬ್ಬರು ಕಂಡರಾಗುವುದಿಲ್ಲ. ಡಯಾಕೋನಿಸ್‌ರ ಗಣಿತ ನಿಜಕ್ಕೂ ಅದ್ಭುತ. ಗ್ರಾಮ ಪಂಚಾಯ್ತಿಯ ಬೂತ್ ಏಜೆಂಟರು ಅದೇ ಫಲಿತಾಂಶವನ್ನು ಹಿಂದಿನ ರಾತ್ರಿಯೇ ಬೆರಳಿನಲ್ಲಿ ಎಣಿಸಿ ಹೇಳುತ್ತಾರೆ ಎಂಬುದು ಬೇರೆ ಮಾತು.

ಇನ್ನು, ಕ್ರಮ ಹಾಕಿದವನನ್ನು ಕಾರಣವನ್ನೂ ಕೇಳಿಬಿಟ್ಟರೆ ಮುಗಿಯಿತು ಕಥೆ. ಟಿಮೊಥಿ ವಿಲ್ಸನ್ ಮತ್ತು ಜೊನಾಥನ್ ಸ್ಕೂಲರ್ 1991ರಲ್ಲಿ ವಿದ್ಯಾರ್ಥಿಗಳಿಗೆ ಐದು ಬಗೆಯ ಸ್ಟ್ರಾಬೆರಿ ಜ್ಯಾಮ್ ನೆಕ್ಕಿಸಿದರು. ಸುಮ್ಮನೆ ನೆಕ್ಕಿ ಹೇಳಿದವರ ಕ್ರಮ ರುಚಿತಜ್ಞರ ಕ್ರಮಕ್ಕೆ ತಕ್ಕಮಟ್ಟಿಗೆ ಹೊಂದಿತು. ಏಕೆ ಇಷ್ಟ ಎಂದು ಕಾರಣ ಬರೆದು ಆಮೇಲೆ ಹೇಳಿದವರ ಕ್ರಮ ಹೊಂದಲೇ ಇಲ್ಲ ಎನ್ನಬೇಕು. ಸ್ವೀಡನ್ನಿನ ಪೆಟ್ಟರ್ ಯೋಹಾನ್ಸನ್ ಮತ್ತು ಲಾರ್ಸ್ ಹಾಲ್ 2005ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡು ಮುಖಗಳ ಫೋಟೊ ತೋರಿಸಿ ಒಂದನ್ನು ಆರಿಸಲು ಹೇಳಿ, ಕೈಚಳಕದಿಂದ ಇನ್ನೊಂದನ್ನು ಕೈಗಿಟ್ಟು, ಇದನ್ನೇಕೆ ಆರಿಸಿದಿರಿ ಎಂದು ಕೇಳಿದರು. ಹೆಚ್ಚಿನವರಿಗೆ ಅದಲುಬದಲು ತಿಳಿಯಲೇ ಇಲ್ಲ. ತಾವು ಆರಿಸದ ಮುಖದ ಕಿವಿಯೋಲೆಯನ್ನು ಕೂಡ ಹೊಗಳಿ ಕಾರಣ ಕೊಟ್ಟರು. ಚುನಾವಣೆಯ ನಂತರ ತಮ್ಮ ಶಾಸಕರು ಬೇರೆ ಪಕ್ಷದಲ್ಲಿ ಕೂತಿರುವುದನ್ನು ಕಂಡೂ ಹೆಮ್ಮೆಪಡುವ ನಮ್ಮ ಮತದಾರರು ಇದನ್ನು ಓದಿದರೆ ಸ್ವೀಡನ್ನಿನವರ ಬಗ್ಗೆ ಆತ್ಮೀಯತೆ ಮೂಡುವುದು ಖಂಡಿತ.

ಇದೆಲ್ಲ ಪ್ರಯೋಗಶಾಲೆಯೊಳಗೆ ಉಳಿದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅದು ಕಂಪನಿಗಳ ಎಚ್‌ಆರ್ ವಿಭಾಗ ಹೊಕ್ಕಿದೆ. ಕೆಲಸ ಕೇಳಿ ಹೋದ ಹುಡುಗನಿಗೆ ಒಂದು ಪರೀಕ್ಷೆ. ಮೂರು ವಾಕ್ಯಗಳು: ನಾನು ಪ್ರಾಮಾಣಿಕ, ನಾನು ಹೊತ್ತಿಗೆ ಸರಿಯಾಗಿ ಬರುತ್ತೇನೆ, ನಾನು ಎಲ್ಲರೊಡನೆ ಹೊಂದಿಕೊಳ್ಳುತ್ತೇನೆ. ನಿಮಗೆ ಅತಿ ಹೆಚ್ಚು ಒಪ್ಪುವುದಕ್ಕೊಂದು, ಅತಿ ಕಡಿಮೆ ಒಪ್ಪುವುದಕ್ಕೊಂದು ಗುರುತು ಹಾಕಿ. ಹೊತ್ತಿಗೆ ಸರಿಯಾಗಿ ಬಂದದ್ದೇ ತಪ್ಪಾಗಿ ಹುಡುಗ ಪ್ರಾಮಾಣಿಕತೆಯಲ್ಲಿ ಹಿಂದೆ ಬೀಳುತ್ತಾನೆ. ಒಂದು ಗುಣ ಏರಿದರೆ ಇನ್ನೊಂದು ಇಳಿಯಲೇಬೇಕು, ಒಟ್ಟು ಮೊತ್ತ ಎಲ್ಲರಿಗೂ ಒಂದೇ. ಈ ಅಂಕಗಳು ಹೇಳುವುದು ಒಬ್ಬನೊಳಗಿನ ಏರಿಳಿತವನ್ನು ಮಾತ್ರ. ಅವನ್ನು ಹಿಡಿದು ರಾಮನಿಗಿಂತ ಭೀಮ ಪ್ರಾಮಾಣಿಕ ಎನ್ನುವಂತಿಲ್ಲ. ಶಾಸ್ತ್ರ ಬಲ್ಲವರು ಇದನ್ನು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. 2011ರಲ್ಲಿ ಅನ್ನಾ ಬ್ರೌನ್ ಮತ್ತು ಆಲ್ಬರ್ಟ್ ಮೈದೆಯು-ಒಲಿವಾರೆಸ್ ಇದಕ್ಕೆ ಮದ್ದನ್ನೂ ಮಂಡಿಸಿದರು. ಮದ್ದು ಸಿಕ್ಕಿದ್ದು ಎಲ್ಲಿ? ಥರ್ಸ್ಟನ್‌ರ 1927ರ ಡಬ್ಬದಲ್ಲಿ, ಆ ತೂಗಾಟದ ಲೆಕ್ಕದಲ್ಲಿ. ಆದರೆ ತೂಗಾಟದ ಲೆಕ್ಕ ಹಾಕಲು ಗಣಿತ ಬರಬೇಕು, ಬಣ್ಣದ ಪಟ್ಟಿ ಬರೆಯಲು ಪವರ್‌ಪಾಯಿಂಟ್ ಸಾಕು.

ನಮ್ಮ ರಾಜ್ಯದ ಮನೆಮನೆಗೂ ಗೊತ್ತಿರುವ ಆದ್ಯತಾ ಪಟ್ಟಿ ಎಂದರೆ ಸಿಇಟಿಯ ಆಪ್ಷನ್ ಎಂಟ್ರಿ. ಯಾವ ಕಾಲೇಜು, ಯಾವ ಕೋರ್ಸು, ಯಾವುದು ಮೊದಲು ಎಂದು ವಿದ್ಯಾರ್ಥಿ ಕ್ರಮವಾಗಿ ತುಂಬಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ರ‍್ಯಾಂಕನ್ನೂ ಈ ಕ್ರಮವನ್ನೂ ನೋಡಿ ಸೀಟು ಹಂಚುತ್ತದೆ. ಅದರ ಮಟ್ಟಿಗೆ ಪಟ್ಟಿ ವಿದ್ಯಾರ್ಥಿಯದು. ಸೈಬರ್ ಸೆಂಟರಿನಲ್ಲಿ ಆ ಪಟ್ಟಿ ತಯಾರಾಗುವುದನ್ನು ಒಮ್ಮೆ ನಿಂತು ನೋಡಿ. ಕಂಪ್ಯೂಟರ್ ಸೈನ್ಸ್ ಎಂದು ಅಪ್ಪ, ಹಾಸ್ಟೆಲ್ ಬೇಡ ಮನೆಗೆ ಹತ್ತಿರ ಇರಲಿ ಎಂದು ಅಮ್ಮ, ಎಐ ಇಲ್ಲದ ಕೋರ್ಸಿಗೆ ಈಗ ಬೆಲೆಯಿಲ್ಲ ಎಂದು ಫೋನಿನಲ್ಲಿ ಚಿಕ್ಕಪ್ಪ, ಬೇಗ ಹೇಳಿ ಸಾರ್ ಹಿಂದೆ ಹತ್ತು ಜನ ಕಾಯ್ತಿದ್ದಾರೆ ಎಂದು ಸೆಂಟರಿನ ಹುಡುಗ. ಪರೀಕ್ಷೆ ಬರೆದವಳು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಟಿಪಿ ಹೇಳುವುದಕ್ಕೆ ಕೂತಿರುತ್ತಾಳೆ. ವ್ಯಕ್ತಿಯ ಆದ್ಯತೆ ದಾಖಲಾಯಿತು! ಒಂದು ಮಾತು ಮಾತ್ರ ಮೆಚ್ಚಬೇಕು. ಸೀಟು ಸಿಕ್ಕ ಮೇಲೆ ಅಲ್ಲಿ ನಾಲ್ಕು ಚಾಯ್ಸ್ ಕೊಡುತ್ತಾರೆ. ಅದರಲ್ಲಿ ಎರಡನೆಯದು, ಈ ಸೀಟು ತೃಪ್ತಿಯಾಗಿದೆ ಆದರೂ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಬೇಕು ಎನ್ನುವವರಿಗೆ. ಫೆಕ್ನರ್‌ನಿಂದ ಡಯಾಕೋನಿಸ್‌ವರೆಗೆ ಯಾರ ಸೂತ್ರದಲ್ಲೂ ಮನುಷ್ಯ ಸ್ವಭಾವ ಇಷ್ಟು ಚೊಕ್ಕವಾಗಿ ಮೂಡಿಬಂದಿಲ್ಲ.

ಹಾಗೆಂದು ಈ ಶಾಸ್ತ್ರವನ್ನೇ ಗಂಟುಕಟ್ಟಿ ಹೊಳೆಗೆ ಎಸೆಯಬೇಕಿಲ್ಲ. ಥರ್ಸ್ಟನ್ ತೂಗಾಟವನ್ನು ಬರೆದಿಟ್ಟರು, ಕೂಂಬ್ಸ್ ಒಬ್ಬೊಬ್ಬರಿಗೂ ಅವರದೇ ಜಾಗ ಕೊಟ್ಟರು, ಡೆಬ್ರು ಮತ್ತು ಮೇ ತಮ್ಮವರ ಸೂತ್ರದ ತೂತುಗಳನ್ನು ತಾವೇ ತೋರಿಸಿದರು. ಪ್ರಾಮಾಣಿಕರು ಎಲ್ಲ ಕಾಲದಲ್ಲೂ ತಮ್ಮ ಲೆಕ್ಕದ ಪಕ್ಕದಲ್ಲೇ ದೋಷವನ್ನೂ ಅಚ್ಚು ಹಾಕಿಸಿದ್ದಾರೆ. ಆ ಪಕ್ಕದ ಅಂಕಣವನ್ನು ಕತ್ತರಿಸಿ, ಮೊದಲ ಅಂಕಣವನ್ನಷ್ಟೇ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕುವವರು ಬೇರೆ. ನಾಡಿನ ಅಚ್ಚುಮೆಚ್ಚಿನ ಹತ್ತು, ಗ್ರಾಹಕರ ಮೊದಲ ಆಯ್ಕೆ, ವಾಸಿಸಲು ಯೋಗ್ಯವಾದ ನಗರಗಳ ರ‍್ಯಾಂಕಿಂಗ್, ನಿಮಗಾಗಿಯೇ ಆರಿಸಿದ ಸಿನಿಮಾಗಳು, ಇವೆಲ್ಲ ಅವರ ಕೈಕೆಲಸ. ಇಂಥ ಪಟ್ಟಿಯೊಂದನ್ನು ಯಾರಾದರೂ ನಿಮ್ಮ ಮುಂದೆ ಹಿಡಿದರೆ ಮೂರೇ ಪ್ರಶ್ನೆ ಕೇಳಿ. ಎಷ್ಟು ಜನರನ್ನು ಕೇಳಿದಿರಿ? ಅವರಲ್ಲಿ ಎಷ್ಟು ಜನ ಈ ಕ್ರಮವನ್ನು ಒಪ್ಪುವುದಿಲ್ಲ? ಅವರನ್ನೇ ಮುಂದಿನ ತಿಂಗಳು ಮತ್ತೆ ಕೇಳಿದರೆ ಎಷ್ಟು ಜನ ಮಾತು ಬದಲಿಸುತ್ತಾರೆ? ಮೂರಕ್ಕೂ ಉತ್ತರ ಇದ್ದರೆ ಕೂತು ಓದಿ, ಅದು ಶಾಸ್ತ್ರ. ಇಲ್ಲದಿದ್ದರೆ ಅದು ಜಾಹೀರಾತು, ಮಡಚಿ ವಾಪಸ್ ಕೊಡಿ.